ಮಡಿಕೇರಿ ಮಂಜನ್ನು ಹದಿನಾರು ತುಂಡು ಮಾಡಿದಾಗ

ಜಾರುವ ಬಿಲ್ಲೆಗಳ ಆಟವನ್ನು ನೀವೂ ಆಡಿರುತ್ತೀರಿ. ಅಂಗೈ ಅಗಲದ ಪ್ಲಾಸ್ಟಿಕ್ ಚೌಕಟ್ಟು, ಅದರೊಳಗೆ 15 ಬಿಲ್ಲೆ, ಒಂದು ಖಾಲಿ ಮನೆ. ಬಿಲ್ಲೆಗಳನ್ನು ಜಾರಿಸಿ ಜಾರಿಸಿ 1ರಿಂದ 15ರವರೆಗೆ ಸಾಲಾಗಿ ತರಬೇಕು. ಅಂಕಿಯ ಬದಲು ನಮ್ಮೂರಿನ ಫೋಟೊ ಇಟ್ಟು ಇದನ್ನೇ ಕಂಪ್ಯೂಟರಿನಲ್ಲಿ ಮಾಡಿದರೆ ಹೇಗೆ ಅನ್ನಿಸಿತು. ನಾನು ಪ್ರೋಗ್ರಾಮರ್ ಅಲ್ಲ. ಸುಂಟಿಕೊಪ್ಪದ ಕಡೆ ಕಾಫಿ ತೋಟದ ಲೆಕ್ಕ ನೋಡಿಕೊಳ್ಳುವವನು. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿತದ್ದೇ ಕೂಲಿ ಪಟ್ಟಿಯ ತಲೆನೋವು ಕಡಿಮೆ ಮಾಡಿಕೊಳ್ಳೋಕೆ. ಆದರೆ ಕೊಡಗಿನ ಕಕ್ಕಡ ತಿಂಗಳ ಮಳೆಯಲ್ಲಿ ತೋಟದ ಕೆಲಸ ನಿಂತಿರುತ್ತದೆ, ನೆಟ್‌ವರ್ಕ್ ಬಂದರೆ ಬಂತು ಇಲ್ಲದಿದ್ದರೆ ಇಲ್ಲ. ಇಂಥ ಕೆಲಸಕ್ಕೆ ಅದಕ್ಕಿಂತ ಒಳ್ಳೆಯ ಕಾಲ ಯಾವುದು?

ನೆಟ್ ಇಲ್ಲದೆಯೂ ನಡೆಯಬೇಕು ಅಂತಲೇ ಟಿಕಿಂಟರ್ ಆರಿಸಿಕೊಂಡೆ, ಪೈಥಾನಿನಲ್ಲಿ ವಿಂಡೋ, ಬಟನ್ ಮಾಡಿಕೊಡುವ ಸಲಕರಣೆ ಅದು. ವಿಂಡೋಸ್‌ಗೆ ಪೈಥಾನ್ ಹಾಕಿಕೊಂಡರೆ ಅದೂ ಜೊತೆಗೇ ಬರುತ್ತದೆ. ಉಬುಂಟು ಎಂಬ ಲಿನಕ್ಸಿನಲ್ಲಿ ಮಾತ್ರ ಬೇರೆಯಾಗಿ ಹಾಕಿಕೊಳ್ಳಬೇಕು. ಇದಲ್ಲದೆ ಚಿತ್ರಗಳನ್ನು ತೆರೆದು ಕತ್ತರಿಸಲು ಪಿಲ್ಲೋ ಎಂಬ ಲೈಬ್ರರಿ, ಅಂದರೆ ಸಿದ್ಧ ಕೋಡಿನ ಕಟ್ಟು, ಬೇಕು. ಟಿಕಿಂಟರಿನ ಸ್ವಂತ ಫೋಟೊಇಮೇಜ್ ಪಿಎನ್‌ಜಿ, ಜಿಫ್ ಓದುತ್ತದೆ, ಜೆಪೆಗ್ ಓದುವುದಿಲ್ಲ. ಮೊಬೈಲಿನ ಫೋಟೊಗಳೆಲ್ಲ ಸಾಮಾನ್ಯವಾಗಿ ಜೆಪೆಗ್ ಅಲ್ವಾ!

ಚಿತ್ರ ಕತ್ತರಿಸುವುದು ಸುಲಭ. ನನ್ನ ಫೋಟೊ 4000ಕ್ಕೆ 3000 ಪಿಕ್ಸೆಲ್. ಎಡ ಬಲ 500 ಪಿಕ್ಸೆಲ್ ಬಿಟ್ಟರೆ ನಡುವೆ 3000ಕ್ಕೆ 3000ದ ಚೌಕ ಸಿಗುತ್ತದೆ. ಅದನ್ನು 480ಕ್ಕೆ ಇಳಿಸಿದರೆ ಒಂದೊಂದು ಬಿಲ್ಲೆಯೂ 120 ಪಿಕ್ಸೆಲ್. ಕತ್ತರಿಸುವ ಮೊದಲು ಪಿಲ್ಲೋದ ಎಕ್ಸಿಫ್ ಟ್ರಾನ್ಸ್‌ಪೋಸ್ ಕರೆಯಲೇಬೇಕು. ಮೊಬೈಲ್ ನಿಲ್ಲಿಸಿ ಹಿಡಿದು ತೆಗೆದ ಫೋಟೊದಲ್ಲಿ ಎಷ್ಟೋ ಸಲ ಚಿತ್ರ ಅಡ್ಡಕ್ಕೇ ಉಳಿದಿರುತ್ತದೆ. ಅದನ್ನು ತಿರುಗಿಸಿ ತೋರಿಸು ಅನ್ನುವ ಸೂಚನೆ ಮಾತ್ರ ಫೈಲಿನೊಳಗೆ ಇರುತ್ತದೆ. ಗ್ಯಾಲರಿ ಆ ಸೂಚನೆ ಪಾಲಿಸುತ್ತದೆ, ನಮ್ಮ ಕತ್ತರಿ ಪಾಲಿಸುವುದಿಲ್ಲ. ಇನ್ನೊಂದು ವಿಷಯ: ಕತ್ತರಿಸಿದ ಬಿಲ್ಲೆಗಳನ್ನು ಒಂದು ಪಟ್ಟಿಯಲ್ಲಿ ಹಿಡಿದಿಟ್ಟುಕೊಳ್ಳಬೇಕು. ಕ್ಯಾನ್ವಾಸ್ ಮೇಲೆ ಹಾಕಿದ ಮಾತ್ರಕ್ಕೆ ಪೈಥಾನ್ ಅವುಗಳನ್ನು ಉಳಿಸಿಕೊಳ್ಳುವುದಿಲ್ಲ. ಫಂಕ್ಷನ್ ಮುಗಿದ ಕೂಡಲೇ ಗುಡಿಸಿ ಹಾಕುತ್ತದೆ, ಪರದೆ ಖಾಲಿ. ಎರರ್ ಕೂಡ ಬರುವುದಿಲ್ಲ, ಅದೇ ಕಿರಿಕಿರಿ.

ಆಟದ ಸ್ಥಿತಿ ಅಂದರೆ ಬರೀ ಒಂದು ಪಟ್ಟಿ: 0ಯಿಂದ 15ರವರೆಗೆ ಅಂಕಿಗಳು, 15 ಅಂದರೆ ಖಾಲಿ ಮನೆ. ಸಾಲಾಗಿ ಬಂದರೆ ಗೆದ್ದಂತೆ. ಯಾವ ಮನೆ ಎಂದು ತಿಳಿಯಲು ಸ್ಥಾನವನ್ನು 4ರಿಂದ ಭಾಗಿಸಿದರೆ ಸಾಕು. ಭಾಗಲಬ್ಧ ಸಾಲು, ಶೇಷ ಕಾಲಂ. ಎರಡು ಮನೆ ಅಕ್ಕಪಕ್ಕ ಇವೆಯೇ ಎಂದು ನೋಡುವಾಗ ಪಟ್ಟಿಯ ಸ್ಥಾನ ನೋಡಬಾರದು, ಸಾಲು ಕಾಲಂಗಳನ್ನೇ ನೋಡಬೇಕು. 3 ಮತ್ತು 4 ಪಟ್ಟಿಯಲ್ಲಿ ಪಕ್ಕಪಕ್ಕ. ಹಲಗೆಯ ಮೇಲೆ ಒಂದು ಮೇಲಿನ ಸಾಲಿನ ಬಲತುದಿ, ಇನ್ನೊಂದು ಕೆಳಗಿನ ಸಾಲಿನ ಎಡತುದಿ.

ಬಿಲ್ಲೆ ಟಕ್ ಅಂತ ಜಿಗಿದರೆ ಜಾರುವ ಆಟದ ಖುಷಿಯೇ ಇರುವುದಿಲ್ಲ. ಇಷ್ಟು ಹೊತ್ತು ಬಿಟ್ಟು ಈ ಕೆಲಸ ಮಾಡು ಅನ್ನುವ ಟಿಕಿಂಟರಿನ ಆಫ್ಟರ್ ಬಳಸಿ 15 ಮಿಲಿಸೆಕೆಂಡಿಗೊಮ್ಮೆ 15 ಪಿಕ್ಸೆಲ್ ಸರಿಸಿದೆ. ಎಂಟು ಹೆಜ್ಜೆಗೆ ಬಿಲ್ಲೆ ಮನೆ ಸೇರುತ್ತದೆ. ಇಲ್ಲಿ ಪ್ರೋಗ್ರಾಮನ್ನೇ ತಡೆದು ನಿಲ್ಲಿಸುವ ಸ್ಲೀಪ್ ಬಳಸಿದರೆ ವಿಂಡೋ ಪೂರ್ತಿ ಮರಗಟ್ಟುತ್ತದೆ. ಬಿಲ್ಲೆ ಜಾರುತ್ತಿರುವಾಗ ಬಂದ ಕ್ಲಿಕ್ಕನ್ನು ಕಡೆಗಣಿಸಬೇಕು. ಬಾಣದ ಕೀಲಿಗಳ ವಿಷಯದಲ್ಲಿ ಮನೆಯಲ್ಲೇ ಎರಡು ಪಕ್ಷ ಆಯಿತು. ಎಡಬಾಣ ಒತ್ತಿದರೆ ಎಡಕ್ಕೆ ಹೋಗಬೇಕಾದ್ದು ಬಿಲ್ಲೆಯೋ, ಖಾಲಿ ಮನೆಯೋ? ಕೈಯಲ್ಲಿ ಆಡುವಾಗ ನಾವು ತಳ್ಳುವುದು ಬಿಲ್ಲೆಯನ್ನು. ಹಾಗಾಗಿ ಬಿಲ್ಲೆಯೇ ಹೋಗಲಿ ಎಂದು ತೀರ್ಮಾನಿಸಿದೆ.

ಕಲಸುವ ಭಾಗಕ್ಕೆ ಒಂದು ಹಳೆಯ ಕಥೆಯಿದೆ. ಈ ಆಟವನ್ನು 1874ರ ಸುಮಾರಿಗೆ ಕಂಡುಹಿಡಿದವನು ನೋಯ್ಸ್ ಚಾಪ್‌ಮನ್, ನ್ಯೂಯಾರ್ಕ್ ರಾಜ್ಯದ ಒಂದು ಸಣ್ಣ ಊರಿನ ಪೋಸ್ಟ್‌ಮಾಸ್ಟರ್. 1880ರಲ್ಲಿ ಅಮೆರಿಕಕ್ಕೂ ಯೂರೋಪಿಗೂ ಇದರ ಹುಚ್ಚು ಹಿಡಿಯಿತು. ಆಮೇಲೆ ಒಗಟುಗಾರ ಸ್ಯಾಮ್ ಲಾಯ್ಡ್ ಇದು ತನ್ನದೇ ಅಂತ ಹೇಳಿಕೊಂಡು ತಿರುಗಿದ. 14 ಮತ್ತು 15 ಮಾತ್ರ ಅದಲುಬದಲಾದ ಹಲಗೆಯನ್ನು ಸರಿಮಾಡಿದವರಿಗೆ 1000 ಡಾಲರ್ ಬಹುಮಾನವನ್ನೂ ಸಾರಿದ. ದುಡ್ಡು ಹೋಗುವ ಭಯ ಅವನಿಗೆ ಇರಲಿಲ್ಲ. ಅದು ಆಗದ ಕೆಲಸ ಎಂದು 1879ರಲ್ಲೇ ಜಾನ್ಸನ್ ಮತ್ತು ಸ್ಟೋರಿ ಎಂಬ ಗಣಿತಜ್ಞರು ತೋರಿಸಿ ಆಗಿತ್ತು.

ಯಾಕೆ ಆಗದು? ಹಲಗೆಗೆ ಚದುರಂಗದ ಹಾಗೆ ಕಪ್ಪು ಬಿಳಿ ಬಳಿಯಿರಿ. ಪ್ರತಿ ಸಲ ಜಾರಿಸಿದಾಗಲೂ ಖಾಲಿ ಮನೆಯ ಬಣ್ಣ ಬದಲಾಗುತ್ತದೆ. ಅದು ತನ್ನ ಮೂಲೆಗೇ ವಾಪಸ್ ಬಂದಿದೆ ಅಂದರೆ ನಡೆಗಳ ಲೆಕ್ಕ ಸಮಸಂಖ್ಯೆ. ಒಂದು ನಡೆ ಅಂದರೆ ಬಿಲ್ಲೆಗೂ ಖಾಲಿ ಮನೆಗೂ ಒಂದು ಅದಲುಬದಲು. ಅಂದಮೇಲೆ ಖಾಲಿ ಮನೆ ಮೂಲೆಯಲ್ಲಿರುವಾಗ ಒಟ್ಟು ಅದಲುಬದಲೂ ಸಮವೇ ಇರಬೇಕು. ಎರಡೇ ಬಿಲ್ಲೆ ಅದಲುಬದಲಾದರೆ ಅದು ಒಂದು, ಬೆಸ. ಆದ್ದರಿಂದ ಪಟ್ಟಿಯನ್ನು ರ್‍ಯಾಂಡಮ್ ಶಫಲ್‌ಗೆ ಸುಮ್ನೆ ಕೊಟ್ಟುಬಿಟ್ಟರೆ ಸರಾಸರಿ ಎರಡರಲ್ಲಿ ಒಂದು ಆಟ ಯಾವತ್ತೂ ಮುಗಿಯುವುದಿಲ್ಲ. ನಾನು ಜೋಡಿಸಿದ ಚಿತ್ರದಿಂದಲೇ ಹೊರಟು, ಕಂಪ್ಯೂಟರಿನಿಂದಲೇ ಮನಬಂದಂತೆ ಕೆಲವು ನೂರು ನಡೆ ಆಡಿಸಿದೆ. ಈಗ ತಾನೇ ಮಾಡಿದ ನಡೆಯನ್ನು ಹಿಂದಕ್ಕೆ ಮಾಡಬಾರದು ಅನ್ನುವುದೊಂದೇ ನಿಯಮ. ಕಂಪ್ಯೂಟರ್ ಹೋದ ದಾರಿಯಲ್ಲೇ ಆಡುವವರು ವಾಪಸ್ ಬರಬಹುದು, ಅಷ್ಟೇ ಬೇಕಾದ್ದು.

ಇಷ್ಟಾದ ಮೇಲೆ ಮೊದಲ ಫೋಟೊ ಹಾಕಿದ್ದು ರಾಜಾಸೀಟಿನದು. ಬೆಳಿಗ್ಗೆ ಹೊತ್ತು, ಕೆಳಗಿನ ಕಣಿವೆಯಲ್ಲಿ ಮಂಜು, ಮೇಲೆ ಬೆಳ್ಳನೆ ಆಕಾಶ. ನೋಡಲು ಚೆಂದ. ಪಕ್ಕದ ಮನೆಯ ಹುಡುಗಿ ಆಡಿದಳು. ಸುಮಾರು ಹೊತ್ತು ಆಡಿ, "ಅಂಕಲ್, ನಿಮ್ಮ ಗೇಮ್ ಹಾಳಾಗಿದೆ" ಅಂದಳು. ನೋಡಿದರೆ ಚಿತ್ರವೆಲ್ಲ ಸರಿಯಾಗಿದೆ, ಕೆಳಗಿನ ಸಾಲಿನಲ್ಲಿ ಬೇಲಿಯ ಎರಡು ಬಿಲ್ಲೆ ಮಾತ್ರ ಅದಲುಬದಲು. ಲಾಯ್ಡನ 14-15 ಸಾಕ್ಷಾತ್ ಎದುರಿಗೆ! ಆದರೆ ನಾನು ಕಲಸಿದ ರೀತಿಯಲ್ಲಿ ಅದು ಬರಲು ಸಾಧ್ಯವೇ ಇಲ್ಲ.

ಪ್ರತಿ ಬಿಲ್ಲೆಯ ಅಂಕಿ ತೋರಿಸುವಂತೆ ಮಾಡಿದಾಗ ಗುಟ್ಟು ಬಯಲಾಯಿತು. ಮೇಲಿನ ಸಾಲಿನಲ್ಲಿ ಎರಡು ಆಕಾಶದ ಬಿಲ್ಲೆಗಳೂ ಅದಲುಬದಲಾಗಿ ಕೂತಿದ್ದವು. ಎರಡೂ ಬರೀ ಬಿಳಿ, ಕಣ್ಣಿಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಮೇಲೊಂದು ಜೋಡಿ, ಕೆಳಗೊಂದು ಜೋಡಿ, ಒಟ್ಟು ಎರಡು, ಸಮ. ಲೆಕ್ಕ ಪಕ್ಕಾ. ಆಕಾಶದ ಜೋಡಿಯನ್ನು ಬಿಡಿಸಿ ಸರಿಯಾದ ಮನೆಗೆ ಹಾಕಿದರೆ ಮಾತ್ರ ಬೇಲಿಯೂ ಸರಿಹೋಗುತ್ತದೆ. ಆದರೆ ಸರಿಯಾಗಿ ಕಾಣುವ ಆಕಾಶವನ್ನು ಕೆಡವಿ ಕಟ್ಟು ಅಂತ ಮಗುವಿಗೆ ಹೇಳೋದು ಹೇಗೆ? ಒಂದೇ ಥರ ಕಾಣುವ ಬಿಲ್ಲೆ ಮೂರಿದ್ದರೆ ಇನ್ನೂ ಫಜೀತಿ. ಮೂರೂ ಒಂದರ ಮನೆಗೆ ಇನ್ನೊಂದು ಸುತ್ತಿ ಕೂರಬಹುದು, ಅದು ಎರಡು ಅದಲುಬದಲಿಗೆ ಸಮ. ಆಗ ಚಿತ್ರ ಪೂರ್ತಿ ಸರಿಯಾಗಿ ಕಾಣುತ್ತದೆ, ಪ್ರೋಗ್ರಾಂ ಮಾತ್ರ ಗೆದ್ದಿರಿ ಅನ್ನುವುದಿಲ್ಲ.

ಎಲ್ಲಾ ಬಿಲ್ಲೆಗೂ ಅಂಕಿ ಬರೆದರೆ ಚಿತ್ರದಾಟ ಹೋಗಿ ಮತ್ತೆ ಅಂಕಿಯಾಟವೇ ಆಗುತ್ತದೆ. ಅದಕ್ಕೇ ಬೋಳು ಬಿಲ್ಲೆಗಳಿಗೆ ಮಾತ್ರ ಬರೆದೆ. ಬೋಳು ಎಂದು ಗುರುತಿಸಲು ಬಿಲ್ಲೆಯನ್ನು ಕಪ್ಪುಬಿಳುಪಿಗೆ ಬದಲಿಸಿ, ಪಿಲ್ಲೋದ ಇಮೇಜ್‌ಸ್ಟ್ಯಾಟ್‌ನಿಂದ ಪಿಕ್ಸೆಲ್‌ಗಳ ಏರಿಳಿತ ಅಳೆಯುತ್ತೇನೆ. ಆ ಏರಿಳಿತದ ಅಳತೆ, ಅಂದರೆ ಸ್ಟ್ಯಾಂಡರ್ಡ್ ಡೀವಿಯೇಷನ್, 8ಕ್ಕಿಂತ ಕಡಿಮೆ ಬಂದರೆ ಮೂಲೆಯಲ್ಲಿ ಒಂದು ಸಣ್ಣ ಅಂಕಿ. ಈ 8 ಎಲ್ಲೂ ಓದಿದ್ದಲ್ಲ, ನನ್ನ ಫೋಟೊಗಳ ಮೇಲೆ ನೋಡಿ ನೋಡಿ ಹಾಕಿಕೊಂಡದ್ದು. ಅಂಕಿಗಳು ೧, ೨, ೩ ಅಂತ ಕನ್ನಡದಲ್ಲೇ ಇವೆ. ಲಿನಕ್ಸ್‌ನಲ್ಲಿ ಟಿಕಿಂಟರ್ ಒತ್ತಕ್ಷರಗಳನ್ನು ಚೆಲ್ಲಾಪಿಲ್ಲಿ ಮಾಡಿತು, ಆದರೆ ಅಂಕಿಗಳಿಗೆ ಒತ್ತೂ ಇಲ್ಲ ಗುಣಿತವೂ ಇಲ್ಲ, ನೀಟಾಗಿ ಬಂದವು.

ಯಾವ ಫೋಟೊ ಆಟಕ್ಕೆ ಆಗುತ್ತದೆ ಅನ್ನುವುದೂ ಈಗ ಅಂದಾಜಾಗಿದೆ. ನೋಡೋಕೆ ಒಳ್ಳೆಯ ಫೋಟೊ ಬೇರೆ, ಆಡೋಕೆ ಒಳ್ಳೆಯ ಫೋಟೊ ಬೇರೆ. ಕಣದಲ್ಲಿ ಹರಡಿದ ಕಾಫಿ ಹಣ್ಣು ಬೇಡವೇ ಬೇಡ. ಅಲ್ಲಿ ಬಿಲ್ಲೆ ಬೋಳಲ್ಲ, ಏರಿಳಿತ ಬೇಕಾದಷ್ಟಿದೆ, ಆದರೂ ಎಲ್ಲಾ ಒಂದೇ ಥರ. ಹಾಗಾಗಿ ನನ್ನ ಅಳತೆಗೆ ಸಿಗದೆ ತಪ್ಪಿಸಿಕೊಳ್ಳುತ್ತದೆ. ದುಬಾರೆಯ ಆನೆ ಹತ್ತಿರದಿಂದ ತೆಗೆದದ್ದಾದರೆ ಪರವಾಗಿಲ್ಲ, ಕಣ್ಣು, ಕಿವಿ, ಸೊಂಡಿಲು ದಾರಿ ತೋರಿಸುತ್ತವೆ. ಎಲ್ಲಕ್ಕಿಂತ ಚೆನ್ನಾಗಿ ಬಂದದ್ದು ಮಡಿಕೇರಿಯ ಓಂಕಾರೇಶ್ವರ ದೇವಸ್ಥಾನ. 1820ರಲ್ಲಿ ಕೊಡಗಿನ ರಾಜ ಲಿಂಗರಾಜೇಂದ್ರ ಕಟ್ಟಿಸಿದ್ದು, ನಡುವೆ ಗುಮ್ಮಟ, ಮೂಲೆಗಳಲ್ಲಿ ಮಿನಾರು, ಮುಂದೆ ಕೆರೆ. ಎಡದ ಮಿನಾರು ಯಾವುದು, ಬಲದ್ದು ಯಾವುದು ಎಂದು ಒಂದು ಗಳಿಗೆ ತಬ್ಬಿಬ್ಬಾಗುತ್ತದೆ. ಆದರೆ ಹಿಂದಿನ ಮರಗಳನ್ನು ನೋಡಿದರೆ ಗೊತ್ತಾಗುತ್ತದೆ. ಆಟಕ್ಕೆ ಬೇಕಾದ್ದು ಅಷ್ಟೇ ಗೊಂದಲ.

ಚಿಕ್ಕ ಮಕ್ಕಳಿಗೆ 3ಕ್ಕೆ 3ರ ಹಲಗೆಯನ್ನೂ ಸೇರಿಸಿದೆ. ಅದರಲ್ಲಿ ಬರಬಹುದಾದ ಸ್ಥಿತಿಗಳು 1,81,440 ಮಾತ್ರ, ಎಂಥದ್ದೇ ಆದರೂ 31 ನಡೆಯೊಳಗೆ ಬಿಡಿಸಬಹುದು. ಹಾಗಾಗಿ ಅದಕ್ಕೆ ಸುಳಿವಿನ ಬಟನ್ ಕೊಡುವುದು ಕಷ್ಟವಾಗಲಿಲ್ಲ. ಗೆದ್ದ ಸ್ಥಿತಿಯಿಂದ ಹಿಂದಕ್ಕೆ ಹೊರಟು ಎಲ್ಲವನ್ನೂ ಒಮ್ಮೆ ಲೆಕ್ಕ ಹಾಕಿಟ್ಟರೆ ನನ್ನ ಹಳೇ ಲ್ಯಾಪ್‌ಟಾಪಿಗೂ ಅದು ಭಾರವಲ್ಲ. 4ಕ್ಕೆ 4ರಲ್ಲಿ ಸ್ಥಿತಿಗಳು ಹತ್ತು ಲಕ್ಷ ಕೋಟಿ ದಾಟುತ್ತವೆ, 80 ನಡೆ ಬೇಡುವ ಸ್ಥಿತಿಗಳೂ ಇವೆ. ಅಲ್ಲಿ ಸುಳಿವಿನ ಬಟನ್ ಇಲ್ಲ, ಪೂರ್ತಿ ಚಿತ್ರವನ್ನು ಎರಡು ಸೆಕೆಂಡ್ ತೋರಿಸುವ ಬಟನ್ ಇದೆ. ಪಕ್ಕದ ಮನೆಯವಳು ಅದನ್ನೇ ಬಿಡದೆ ಒತ್ತುತ್ತಿರುತ್ತಾಳೆ. ಒತ್ತಿದ್ದಕ್ಕೆಲ್ಲ ಐದು ನಡೆ ದಂಡ ಹಾಕುವ ಸಾಲನ್ನು ಮೊನ್ನೆ ಸೇರಿಸಿದ್ದೇನೆ, ಅವಳಿಗೆ ಇನ್ನೂ ಹೇಳಿಲ್ಲ.