ಟೂರಿಂಗ್ ಬೈಕಿನ ಸ್ಟೀರಿಯೊ ಬದಲಿಸುವ ಮುನ್ನ ಮತ್ತು ಬದಲಿಸುವಾಗ

ಹಾರ್ಲೆ-ಡೇವಿಡ್‌ಸನ್ ಸ್ಟ್ರೀಟ್ ಗ್ಲೈಡ್‌ನಂತಹ ಟೂರಿಂಗ್ ಬೈಕಿನಲ್ಲಿ ಊರೊಳಗೆ ಇಂಪಾಗಿ ಕೇಳಿಸುವ ಹಾಡು, ಹೆದ್ದಾರಿಯಲ್ಲಿ ವೇಗ ಗಂಟೆಗೆ 90 ಕಿ.ಮೀ. ದಾಟಿತೆಂದರೆ ಗಾಳಿಯ ಮೊರೆತದಲ್ಲಿ ಅಡಗಿಹೋಗುತ್ತದೆ. ಗಾಳಿಯ ಸದ್ದಿನ ಬಲವೆಲ್ಲ ತಗ್ಗಿನ ಆವರ್ತನಗಳಲ್ಲೇ ಹೆಚ್ಚಾಗಿರುವುದರಿಂದ ಮೃದಂಗದ ಎಡಭಾಗದ ನಾದ ಮೊದಲು ಮರೆಯಾಗುತ್ತದೆ; ಕಾರಿನಲ್ಲಿರುವಂತೆ ಆ ನಾದವನ್ನು ಹಿಡಿದಿಡುವ ಮುಚ್ಚಿದ ಜಾಗವೂ ಬೈಕಿನಲ್ಲಿಲ್ಲ. ಹಾಗಾಗಿ ಇಲ್ಲಿ ಬೇಸ್‌ನ ಬೆನ್ನು ಹತ್ತದೆ, ಹಾಡುಗಾರರ ದನಿ ಸ್ಪಷ್ಟವಾಗಿ ಕೇಳಿಸುವುದನ್ನೇ ಗುರಿಯಾಗಿಟ್ಟುಕೊಳ್ಳಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಸ್ಪೀಕರ್ ಕೊಳ್ಳುವಾಗ ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿರುವ ಗರಿಷ್ಠ ವಾಟ್ ಸಂಖ್ಯೆಯನ್ನು ಬದಿಗಿಟ್ಟು, ಆರ್‌ಎಂಎಸ್ ವಾಟ್ (ಸತತವಾಗಿ ತಾಳಬಲ್ಲ ಶಕ್ತಿ) ಮತ್ತು ಸೆನ್ಸಿಟಿವಿಟಿ (ಒಂದು ವಾಟ್‌ಗೆ ಒಂದು ಮೀಟರ್ ದೂರದಲ್ಲಿ ಕೊಡುವ ಸದ್ದು) ಎಂಬ ಎರಡು ಅಂಕಿಗಳನ್ನು ಹುಡುಕಿ ಓದಬೇಕು. ಸದ್ದು 3 ಡೆಸಿಬೆಲ್ ಏರಬೇಕಾದರೆ ವಿದ್ಯುತ್ ಶಕ್ತಿ ಇಮ್ಮಡಿಯಾಗಬೇಕು. ಅಂದರೆ 90 ಡೆಸಿಬೆಲ್ ಸೆನ್ಸಿಟಿವಿಟಿಯ ಸ್ಪೀಕರ್ 100 ವಾಟ್ ಪಡೆದು ಕೊಡುವಷ್ಟೇ ಸದ್ದನ್ನು 93 ಡೆಸಿಬೆಲ್‌ನ ಸ್ಪೀಕರ್ 50 ವಾಟ್‌ನಲ್ಲಿ ಕೊಡುತ್ತದೆ. ಬೈಕಿನಂತಹ ಕಿರಿದಾದ ವಿದ್ಯುತ್ ಸಂಪಾದನೆಯ ವಾಹನದಲ್ಲಿ ಈ ಉಳಿತಾಯ ಬಹಳ ದೊಡ್ಡದು. ಸ್ಪೀಕರ್‌ನಲ್ಲಿ ಕಂಪಿಸಿ ಸದ್ದು ಹೊಮ್ಮಿಸುವ ಕೋನ್ ಕಾಗದದ್ದಾದರೆ ಮಳೆಗೆ ಮೆತ್ತಗಾಗುವುದರಿಂದ, ನೀರನ್ನು ತಡೆಯುವ ಪಾಲಿಪ್ರೊಪಿಲಿನ್ ಕೋನ್ ಇರುವುದನ್ನೇ ಆರಿಸಿಕೊಳ್ಳಿ. ಶಿರಾಡಿ ಘಾಟಿಯ ಮಳೆಗಾಲವನ್ನು ಬೈಕಿನ ಮೇಲೆ ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಆಂಪ್ಲಿಫೈಯರ್ ಕೊಳ್ಳುವ ಮೊದಲು ಕಾಗದ-ಪೆನ್ನು ಹಿಡಿದು ಲೆಕ್ಕ ಹಾಕಿ. ಫೇರಿಂಗ್‌ನ (ಬೈಕಿನ ಮುಂಭಾಗದ ಗಾಳಿತಡೆ ಕವಚದ) ಎರಡು ಸ್ಪೀಕರ್‌ಗಳಿಗೆ ತಲಾ 100 ಆರ್‌ಎಂಎಸ್ ವಾಟ್ ಎಂದರೆ ಒಟ್ಟು 200 ವಾಟ್. ಕ್ಲಾಸ್-ಡಿ ಆಂಪ್ಲಿಫೈಯರ್‌ನ ದಕ್ಷತೆ ಶೇ. 80 ಎಂದಿಟ್ಟುಕೊಂಡರೆ ಅದಕ್ಕೆ 250 ವಾಟ್ ಊಡಬೇಕು, 13.8 ವೋಲ್ಟ್‌ನಲ್ಲಿ ಅದು ಸುಮಾರು 18 ಆಂಪಿಯರ್. ಹಿಂದಿನ ಸ್ಯಾಡಲ್‌ಬ್ಯಾಗ್ (ಪಕ್ಕದ ಪೆಟ್ಟಿಗೆ) ಮುಚ್ಚಳಗಳಲ್ಲೂ ಅಷ್ಟೇ ಶಕ್ತಿಯ ಎರಡು ಸ್ಪೀಕರ್ ಕೂರಿಸಿದರೆ 36 ಆಂಪಿಯರ್ ಆಗುತ್ತದೆ. ಸಂಗೀತದ ಏರಿಳಿತದಿಂದಾಗಿ ಸರಾಸರಿ ಬಳಕೆ ಇದರ ಮೂರನೆಯ ಒಂದು ಭಾಗವನ್ನು ದಾಟುವುದು ಅಪರೂಪವಾದರೂ, ಎಂಜಿನ್ ಆರಿಸಿ ಹಾಡು ಕೇಳುವಾಗ ಅದೂ ಭಾರವೇ. 28 ಆಂಪಿಯರ್-ಅವರ್ ಬ್ಯಾಟರಿಯಿಂದ ಮುಂದಿನ ಎರಡು ಸ್ಪೀಕರ್‌ಗಳಿಗಷ್ಟೇ 6 ಆಂಪಿಯರ್‌ನಂತೆ ಎರಡು ಗಂಟೆ ಎಳೆದರೆ 12 ಆಂಪಿಯರ್-ಅವರ್ ಖರ್ಚಾಗಿ, ದೊಡ್ಡ ವಿ-ಟ್ವಿನ್ ಎಂಜಿನ್ ಮತ್ತೆ ಸ್ಟಾರ್ಟ್ ಆಗಲು ತಿಣುಕಬಹುದು.

ಕೆಲಸ ಆರಂಭಿಸುವಾಗ ಬ್ಯಾಟರಿಯ ನೆಗೆಟಿವ್ ತಂತಿಯನ್ನು ಮೊದಲು ಬಿಚ್ಚಿ, ಕೊನೆಗೆ ಜೋಡಿಸಿ. ವಿಂಡ್‌ಶೀಲ್ಡ್ ಮತ್ತು ಹೊರ ಫೇರಿಂಗ್‌ನ ಟಾರ್ಕ್ಸ್ ಸ್ಕ್ರೂಗಳನ್ನು ತೆಗೆಯುವ ಮುನ್ನ ಮುಂದಿನ ಮಡ್‌ಗಾರ್ಡ್ ಮೇಲೆ ದಪ್ಪ ಬಟ್ಟೆ ಹಾಸಿಡಿ. ಫೇರಿಂಗ್ ಸಡಿಲವಾದ ಕೂಡಲೇ ಎಳೆಯದೆ, ಹಿಂಬದಿಗೆ ಕೈ ಹಾಕಿ ಹೆಡ್‌ಲೈಟ್‌ನ ಕನೆಕ್ಟರ್ ಬಿಡಿಸಿಕೊಳ್ಳಿ. ಬ್ಯಾಟರಿಯಿಂದ ಆಂಪ್ಲಿಫೈಯರ್‌ಗೆ ಶುದ್ಧ ತಾಮ್ರದ 8 ಗೇಜ್ ವೈರನ್ನೇ ಬಳಸಬೇಕು. ಅಗ್ಗದ ಕಿಟ್‌ಗಳಲ್ಲಿ ಬರುವ, ತಾಮ್ರ ಲೇಪಿಸಿದ ಅಲ್ಯೂಮಿನಿಯಂ ವೈರ್ ಅದೇ ದಪ್ಪದಲ್ಲಿ ಕಡಿಮೆ ವಿದ್ಯುತ್ ಒಯ್ಯುವುದಲ್ಲದೆ ಕಂಪನಕ್ಕೆ ಬೇಗ ಮುರಿಯುತ್ತದೆ. ಬ್ಯಾಟರಿಯಿಂದ 45 ಸೆಂ.ಮೀ. ಒಳಗೆ ಫ್ಯೂಸ್ ಇರಲೇಬೇಕು, ಏಕೆಂದರೆ ವೈರ್ ಎಲ್ಲಾದರೂ ಸವೆದು ಚಾಸಿಗೆ ತಾಗಿದರೆ ಪೆಟ್ರೋಲ್ ಟ್ಯಾಂಕಿನ ಕೆಳಗೆ ಬೆಂಕಿ ಹೊತ್ತಿಕೊಳ್ಳದಂತೆ ತಡೆಯುವುದು ಅದೊಂದೇ.

ಸ್ಟ್ರೀಟ್ ಗ್ಲೈಡ್‌ನ ಫೇರಿಂಗ್ ಫೋರ್ಕ್‌ಗೆ ಜೋಡಿಸಿರುವುದರಿಂದ ಹ್ಯಾಂಡಲ್‌ನೊಂದಿಗೇ ತಿರುಗುತ್ತದೆ. ಆದ್ದರಿಂದ ಸ್ಟೀರಿಂಗ್ ಹೆಡ್ ಬಳಿ ವೈರ್‌ಗೆ ಸಾಕಷ್ಟು ಸಡಿಲ ಬಿಟ್ಟು, ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ, ಎಲ್ಲಿಯೂ ಬಿಗಿಯುತ್ತಿಲ್ಲ, ಸಿಕ್ಕಿಕೊಳ್ಳುತ್ತಿಲ್ಲ ಎಂಬುದನ್ನು ಕಣ್ಣಾರೆ ನೋಡಿಕೊಳ್ಳಿ. ಫೇರಿಂಗ್ ಚಾಸಿಗೆ ಜೋಡಣೆಯಾಗಿರುವ ರೋಡ್ ಗ್ಲೈಡ್‌ನಲ್ಲಿ ಈ ತೊಂದರೆ ಇಲ್ಲ. ಆಂಪ್ಲಿಫೈಯರ್‌ನ ಅರ್ತ್ ವೈರನ್ನು ನೇರವಾಗಿ ಬ್ಯಾಟರಿಯ ನೆಗೆಟಿವ್‌ಗೆ ಕೊಟ್ಟು, ಸಿಗ್ನಲ್ ವೈರ್‌ಗಳನ್ನು ಪವರ್ ವೈರ್‌ನಿಂದ ದೂರ ಹಾಯಿಸಿದರೆ, ಎಂಜಿನ್ ವೇಗದೊಂದಿಗೆ ಏರಿಳಿಯುವ ಕೀರಲು ಸದ್ದಿನ ಕಾಟ ಬಹುಮಟ್ಟಿಗೆ ತಪ್ಪುತ್ತದೆ.

ಮೂಲ ಹೆಡ್ ಯೂನಿಟ್ (ಹಾಡು ಆರಿಸಿ ನುಡಿಸುವ ಮುಖ್ಯ ಘಟಕ) ಚೆನ್ನಾಗಿದ್ದರೆ ಉಳಿಸಿಕೊಳ್ಳಿ.

ಗೇನ್ ಎಂಬುದು ವಾಲ್ಯೂಮ್ ಅಲ್ಲ. ಹೆಡ್ ಯೂನಿಟ್ ಕೊಡುವ ಸಿಗ್ನಲ್‌ಗೆ ಆಂಪ್ಲಿಫೈಯರನ್ನು ಹೊಂದಿಸುವ ತಿರುಪು ಅದು. ಸ್ಪೀಕರ್ ವೈರ್ ಬಿಚ್ಚಿ, ಗೇನ್ ಪೂರ್ತಿ ಇಳಿಸಿ, ಈಕ್ವಲೈಜರ್ ಸಮಸ್ಥಿತಿಯಲ್ಲಿಟ್ಟು, ಹೆಡ್ ಯೂನಿಟ್‌ನ ವಾಲ್ಯೂಮ್ ಮುಕ್ಕಾಲು ಭಾಗಕ್ಕಿಟ್ಟು, 1,000 ಹರ್ಟ್ಜ್ ಟೋನ್ ನುಡಿಸಿ. ವಾಟ್ ಮತ್ತು ಸ್ಪೀಕರ್‌ನ ಓಮ್‌ಗಳ ಗುಣಲಬ್ಧದ ವರ್ಗಮೂಲವೇ ನಮಗೆ ಬೇಕಾದ ವೋಲ್ಟೇಜ್: 100 ವಾಟ್, 4 ಓಮ್ ಆದರೆ 20 ವೋಲ್ಟ್. ಎಸಿ ವೋಲ್ಟ್‌ಗೆ ಇಟ್ಟ ಮಲ್ಟಿಮೀಟರನ್ನು ಆಂಪ್ಲಿಫೈಯರ್‌ನ ಸ್ಪೀಕರ್ ಟರ್ಮಿನಲ್‌ಗಳಿಗೆ ತಾಗಿಸಿ, ಅದರಲ್ಲಿ ಅಷ್ಟು ಕಾಣುವವರೆಗೆ ಮಾತ್ರ ಗೇನ್ ಏರಿಸಿ. ಸ್ಪೀಕರ್ ಮತ್ತೆ ಜೋಡಿಸುವ ಮುನ್ನ ತಗ್ಗಿನ ಆವರ್ತನಗಳನ್ನು ತಡೆಯುವ ಹೈಪಾಸ್ ಫಿಲ್ಟರನ್ನು 80ರಿಂದ 100 ಹರ್ಟ್ಜ್ ನಡುವೆ ಇಟ್ಟರೆ, ಗಾಳಿಯಲ್ಲಿ ಹೇಗೂ ಕೇಳಿಸದ ಸ್ವರಗಳಿಗಾಗಿ ಕೋನ್ ವೃಥಾ ದಣಿಯುವುದಿಲ್ಲ.

ಕೊನೆಗೆ ಎಂಜಿನ್ ಐಡಲ್‌ನಲ್ಲಿರುವಾಗ ಹಾಡು ನುಡಿಸುತ್ತ ಬ್ಯಾಟರಿಯ ವೋಲ್ಟೇಜ್ ಅಳೆಯಿರಿ. ಅದು 12.6ಕ್ಕಿಂತ ಕೆಳಗಿಳಿದರೆ ಬ್ಯಾಟರಿ ತುಂಬುವ ಬದಲು ಬರಿದಾಗುತ್ತಿದೆ ಎಂದರ್ಥ. ಆಗ ವಾಲ್ಯೂಮ್ ಇಳಿಸಬೇಕು, ಇಲ್ಲವೇ ಚಾರ್ಜಿಂಗ್ ವ್ಯವಸ್ಥೆಯನ್ನು ಪರೀಕ್ಷಿಸಬೇಕು. ಹಿಂದಿನ ಲಾರಿಯ ಹಾರ್ನ್ ಹೆಲ್ಮೆಟ್ ಒಳಗೂ ಕೇಳಿಸುವಷ್ಟಕ್ಕೇ ಸದ್ದನ್ನು ಮಿತಿಗೊಳಿಸಿ, ಮೊದಲ ಕೆಲವು ನೂರು ಕಿ.ಮೀ. ಓಡಿಸಿದ ಮೇಲೆ ಬ್ಯಾಟರಿ ಟರ್ಮಿನಲ್, ಫ್ಯೂಸ್ ಹೋಲ್ಡರ್ ಮತ್ತು ಸ್ಪೀಕರ್ ಸ್ಕ್ರೂಗಳನ್ನು ಇನ್ನೊಮ್ಮೆ ಬಿಗಿಗೊಳಿಸಿ.