ಗುರಿ ಒಪ್ಪಿಕೊಳ್ಳುವ ಮುನ್ನ ನೆರವಿನ ಲೆಕ್ಕ ಹಾಕುವುದು ಹೇಗೆ?

ಸಭೆಯಲ್ಲಿ ಗುರಿ ಕೇಳಿಸಿಕೊಂಡು ‘ಆಗಲಿ ಸಾರ್’ ಎಂದು ತಲೆಯಾಡಿಸಿ ಬಂದು, ಎರಡು ತಿಂಗಳಾದ ಮೇಲೆ ‘ಯಾರೂ ಸಹಕಾರ ಕೊಡಲಿಲ್ಲ’ ಎನ್ನುವುದು ಯಾವ ಕಚೇರಿಗೂ ಹೊಸದಲ್ಲ. ಯಾವ ಸಹಕಾರ, ಯಾರಿಂದ, ಎಷ್ಟು ದಿನ ಬೇಕು ಎಂಬುದನ್ನು ಮೊದಲೇ ಗುರುತಿಸುವ ಕ್ರಮವನ್ನು, ಜಗಳೂರು ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿಯ ಕರ ವಸೂಲಿಗಾರರನ್ನು ಕಲ್ಪಿಸಿಕೊಂಡು ನೋಡೋಣ.

ಮೊದಲು ಗುರಿಯನ್ನು ದಿನದ ಕೆಲಸಕ್ಕೆ ಇಳಿಸಬೇಕು. 600 ಮನೆಗಳ ಕಂದಾಯ ಬಾಕಿಯಿದ್ದು ಮಾರ್ಚ್ 31ರೊಳಗೆ 60 ಕೆಲಸದ ದಿನಗಳಷ್ಟೇ ಉಳಿದಿದ್ದರೆ, ದಿನಕ್ಕೆ 10 ಮನೆ ಮುಗಿಯಬೇಕು. ಆದರೆ ಈ ಭಾಗಾಕಾರದಿಂದ ತಿಳಿಯುವುದು ಅಲ್ಪ. ಬಾಕಿ ಏಕೆ ಉಳಿಯಿತು ಎಂಬುದೇ ಮುಖ್ಯ. ಯಾರು ಎಷ್ಟು ಕಂದಾಯ ಕಟ್ಟಬೇಕೆಂದು ಬರೆದಿಡುವ ಬೇಡಿಕೆ ವಹಿಯ ಅಂಚಿನಲ್ಲಿ ಪ್ರತಿ ಮನೆಯ ಮುಂದೆ ಪೆನ್ಸಿಲಿನಲ್ಲಿ ಕಾರಣವನ್ನು ಗುರುತಿಸಿಕೊಳ್ಳಿ. ದುಡಿಯಲು ಬೆಂಗಳೂರಿಗೆ ಹೋದವರ ಬೀಗ ಹಾಕಿದ ಮನೆ, ತಂದೆ ತೀರಿಕೊಂಡರೂ ಖಾತೆ ಬದಲಾಗದೆ ಅಣ್ಣತಮ್ಮಂದಿರು ‘ನೀನು ಕಟ್ಟು’ ಎಂದು ಒಬ್ಬರನ್ನೊಬ್ಬರು ತೋರಿಸುವ ಮನೆ, ನಳದಲ್ಲಿ ನೀರೇ ಬಾರದೆ ಸಿಟ್ಟಾಗಿರುವ ಮನೆ, ಕೇಳಿದರೆ ಅಂದೇ ಕೊಡುವ ಮನೆ: ಹೀಗೆ ನಾಲ್ಕು ಗುಂಪು ಮಾಡಿದರೆ ನಾಲ್ಕಕ್ಕೂ ಬೇಕಾದ ನೆರವು ಬೇರೆ ಬೇರೆ ಎಂಬುದು ಕಣ್ಣಿಗೆ ಬೀಳುತ್ತದೆ.

ಎರಡನೆಯದಾಗಿ, ಪ್ರತಿ ಕಾರಣದ ಮುಂದೆ ಕೊರತೆ ಯಾವುದರದು ಎಂದು ಬರೆಯಿರಿ: ಸಾಮಗ್ರಿಯದೋ, ತಿಳಿವಳಿಕೆಯದೋ, ಇನ್ನೊಬ್ಬರ ಸಮಯದ್ದೋ, ಅಧಿಕಾರದ್ದೋ. ಸಿಗ್ನಲ್ ಸಿಗದ ಹಟ್ಟಿಯಲ್ಲಿ ಹಣ ಪಡೆದು ರಸೀದಿ ಕೊಡುವ ಪಿಒಎಸ್ ಯಂತ್ರ ಕೆಲಸ ಮಾಡದಿದ್ದರೆ ಅದು ಸಾಮಗ್ರಿಯ ಕೊರತೆ. ಖಾತೆಯ ತಕರಾರು ಬಗೆಹರಿಯಬೇಕಾದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರೇ ಕಡತ ನೋಡಬೇಕು. ವಸೂಲಿಗಾರರು ಹತ್ತು ಸಲ ಅಲೆದರೂ ಪ್ರಯೋಜನವಿಲ್ಲ. ನೀರಿನ ಮಾತು ಬರುವ ಬೀದಿಗೆ ನೀರುಗಂಟಿಯನ್ನು ಜೊತೆಗೆ ಕರೆದೊಯ್ಯುವುದೇ ಮದ್ದು. ನಾವು ಸಾಮಾನ್ಯವಾಗಿ ಕೇಳುವುದು ಹಣ ಮತ್ತು ಹೆಚ್ಚುವರಿ ಸಿಬ್ಬಂದಿಯನ್ನು. ನನ್ನ ಅನುಭವದಲ್ಲಿ ಕೆಲಸ ನಿಲ್ಲುವುದು ಹೆಚ್ಚಾಗಿ ಯಾರದೋ ಒಂದು ಸಹಿಗಾಗಿ.

ಕೈಯಲ್ಲಿರುವುದನ್ನೂ ಮರೆಯಬಾರದು. ಮೆಕ್ಕೆಜೋಳ ದಾವಣಗೆರೆಯ ಎಪಿಎಂಸಿಗೆ ಹೋಗಿ ದುಡ್ಡು ಮನೆಗೆ ಬರುವ ಕಾಲದಲ್ಲಿ ಕೇಳುವುದಕ್ಕೂ, ಬೇಸಿಗೆಯಲ್ಲಿ ಕೇಳುವುದಕ್ಕೂ ಅಜಗಜಾಂತರವಿದೆ. ಸೋಮವಾರ ಎತ್ತು ಹೂಡದ ಊರಾದರೆ ಅಂದು ಮನೆಯ ಯಜಮಾನರು ಕಟ್ಟೆಯ ಮೇಲೆಯೇ ಸಿಗುತ್ತಾರೆ. ಇದಕ್ಕೆ ಯಾರ ಮಂಜೂರಾತಿಯೂ ಬೇಕಿಲ್ಲ.

ಇನ್ನು ಕೇಳುವ ರೀತಿ. ‘ಸಿಬ್ಬಂದಿಯ ನೆರವು ಒದಗಿಸಬೇಕು’ ಎಂಬ ಟಿಪ್ಪಣಿ ಕಡತದೊಳಗೇ ಮಲಗುತ್ತದೆ. ಅದರ ಬದಲು ಪಿಡಿಒ ಅವರಿಗೆ, ‘ಖಾತೆ ತಕರಾರಿನ 80 ಮನೆಗಳ ಪಟ್ಟಿ ಲಗತ್ತಿಸಿದೆ, ಜನವರಿಯ ನಾಲ್ಕು ಬುಧವಾರ ಬೆಳಿಗ್ಗೆ ತಾವು ಕಚೇರಿಯಲ್ಲಿ ಎರಡು ಗಂಟೆ ಕೊಟ್ಟರೆ ವಾರಕ್ಕೆ 20 ಮನೆಯವರನ್ನು ಕರೆಸುತ್ತೇನೆ’ ಎಂದು ಬರೆದರೆ, ಮೇಲಿನವರು ಹೌದು ಅಥವಾ ಇಲ್ಲ ಎನ್ನಲೇಬೇಕಾಗುತ್ತದೆ. ಬಾಯಿಮಾತಿನಲ್ಲಿ ಹೇಳಿದ್ದರೂ ಬರವಣಿಗೆಯಲ್ಲಿ ಕೊಟ್ಟು, ಅದರ ಒಂದು ಪ್ರತಿಯನ್ನು ನಿಮ್ಮ ಬಳಿ ಇಟ್ಟುಕೊಳ್ಳಿ.

ಹದಿನೈದು ದಿನಕ್ಕೊಮ್ಮೆ ನೀವು ಕೇಳಿದ ನೆರವುಗಳ ಪಟ್ಟಿಯನ್ನು ತೆರೆದು, ಕೇಳಿದ ದಿನಾಂಕ ಮತ್ತು ಸಿಕ್ಕ ದಿನಾಂಕಗಳನ್ನು ಎದುರುಬದುರು ಬರೆಯಿರಿ. ಬುಧವಾರಗಳು ಸಿಗದೇ ಹೋದರೆ ಆ 80 ಮನೆಗಳನ್ನು ಪ್ರಗತಿ ವರದಿಯಲ್ಲಿ ಪ್ರತ್ಯೇಕ ಸಾಲಾಗಿ ತೋರಿಸಿ, ಉಳಿದ 520 ಮನೆಗಳಿಗೆ ದಿನದ ಲೆಕ್ಕವನ್ನು ಹೊಸದಾಗಿ ಹಾಕಿಕೊಳ್ಳಿ.