ಊರಲ್ಲಿ ಅಪ್ಪ-ಅಮ್ಮನನ್ನು ಬಿಟ್ಟು ಬಂದವರಿಗೆ: ಲಕ್ವ ಹೊಡೆದರೆ ನನ್ನ ಫೋನಿಗೆ ಕಾಯಬೇಡಿ ಎಂದು ಹೇಳಿಡಿ

ಟೊರಾಂಟೊಗೆ ಬಂದ ಹೊಸತರಲ್ಲಿ ಬಾಡಿಗೆ ಮನೆ, ಬ್ಯಾಂಕ್, ಚಳಿಗೆ ಜಾಕೆಟ್ ಎಲ್ಲಿ ಎಂದು ಹೇಳಿಕೊಡುವವರು ಬೇಕಾದಷ್ಟು ಜನ ಸಿಗುತ್ತಾರೆ. ಶಿರಸಿ, ಕುಮಟಾ, ಕಾರವಾರ ಕಡೆಯವರಿಗೆ ನಾನು ಮೊದಲು ಹೇಳುವುದು ಬೇರೆ. ಈ ವಾರವೇ ಮನೆಗೆ ಫೋನ್ ಮಾಡಿ, "ಲಕ್ವದ ಹಾಗೆ ಕಂಡರೆ ನನ್ನನ್ನು ಕೇಳುತ್ತಾ ಕೂರಬೇಡಿ, ಹೊರಟುಬಿಡಿ" ಎಂದು ಹೇಳಿಡಿ.

ನಮ್ಮ ಮನೆಯಲ್ಲಿ ಹಾಗೆ ಹೇಳಿಟ್ಟಿರಲಿಲ್ಲ. ಶಿರಸಿ ಹತ್ತಿರದ ಹಳ್ಳಿ, ತೋಟದ ನಡುವೆ ಒಂಟಿ ಮನೆ. ಮಧ್ಯಾಹ್ನ 12:30ಕ್ಕೆ ಊಟಕ್ಕೆ ಕೂತ ಅಪ್ಪಯ್ಯನ ಬಾಯಿ ಸೊಟ್ಟಗಾಯಿತು, ತುತ್ತು ಕೈಯಿಂದ ಬಿತ್ತು. ಪಿತ್ತ ಇರಬೇಕು ಅಂದುಕೊಂಡರು ಆಯಿ, ಅಂದರೆ ನನ್ನ ಅಮ್ಮ. ನೆರೆಮನೆಯವರು ಬಂದು ಎಣ್ಣೆ ತಿಕ್ಕಿದರು. ಆಮೇಲೆ, ಮಗನನ್ನು ಒಂದು ಮಾತು ಕೇಳೋಣ ಅಂತ ನನಗೆ ಫೋನ್. ಇಲ್ಲಿ ರಾತ್ರಿ 3 ದಾಟಿತ್ತು, ನನ್ನ ಫೋನ್ ಸೈಲೆಂಟ್. ನಾನು ಎದ್ದು "ಹೊರಡಿ" ಅನ್ನುವಾಗ ಅಲ್ಲಿ ಲಕ್ವ ಹೊಡೆದು 3 ತಾಸು ಕಳೆದಿತ್ತು. ಹುಬ್ಬಳ್ಳಿ ಸೇರಲು ಮತ್ತೆ ಅಷ್ಟೇ ಹೊತ್ತು. ಅಪ್ಪಯ್ಯನ ಬಲಗೈ ಈಗಲೂ ಮೇಲೇಳುವುದಿಲ್ಲ.

ಮಿದುಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ಅದನ್ನು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ಲಕ್ವ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅದಕ್ಕೂ ಮೊದಲು ಸಿಟಿ ಸ್ಕ್ಯಾನ್ ಆಗಬೇಕು, ಯಾಕೆಂದರೆ ರಕ್ತಸ್ರಾವ ಆಗಿದ್ದರೆ ಅದೇ ಇಂಜೆಕ್ಷನ್ ಅಪಾಯ. ಹಾಗಾಗಿ ಹತ್ತಿರದ ಆಸ್ಪತ್ರೆ ಅಂದರೆ ಸಾಲದು. ರಾತ್ರಿಯೂ ಸ್ಕ್ಯಾನ್ ಮಾಡಿ, ಈ ಇಂಜೆಕ್ಷನ್ ಕೊಡುವವರು ಎಲ್ಲಿದ್ದಾರೆ ಎಂದು ಈಗಲೇ ವಿಚಾರಿಸಿ. ದೊಡ್ಡ ಆಸ್ಪತ್ರೆಗೆ ಅಂತ ಕಾರವಾರದವರು ಗೋವಾಕ್ಕೆ, ಭಟ್ಕಳದವರು ಮಣಿಪಾಲಕ್ಕೆ ಓಡುತ್ತಾರೆ, ಅಲ್ವಾ? ಮಳೆಗಾಲದಲ್ಲಿ ಶಿರಸಿ-ಕುಮಟಾ ದಾರಿಯ ದೇವಿಮನೆ ಘಾಟ್ ಹೇಗಿರುತ್ತದೆ ಎಂದು ನಿಮಗೇ ಗೊತ್ತು.

ಕಾರಿರುವ ಒಬ್ಬ ಭಾವನನ್ನೋ ನೆರೆಯವರನ್ನೋ ಒಪ್ಪಿಸಿಡಿ. 108 ಎಲ್ಲರಿಗೂ ಗೊತ್ತಿರಲಿ. ತೋಟದಲ್ಲಿ ಮೊಬೈಲ್ ಸಿಗದಿದ್ದರೆ ಯಾರ ಮನೆಗೆ ಓಡಬೇಕು ಎಂದೂ ಮಾತಾಡಿ. ಸ್ವಲ್ಪ ದುಡ್ಡು ಆಯಿಯ ಕೈಗೆ ಸಿಗುವ ಹಾಗೆ ಇಡಿ, ಮುಖ್ಯವಾಗಿ ತೀರ್ಮಾನವನ್ನೂ ಅವರ ಕೈಗೇ ಕೊಡಿ. ಗಂಡಸರು ಬರಲಿ ಅಂತ ಕಾದು ಹೊತ್ತು ಕಳೆಯುವ ಮನೆಗಳು ನಮ್ಮ ಕಡೆ ಜಾಸ್ತಿ. ಬಾಯಿ ಸೊಟ್ಟ, ಒಂದು ಕೈ ಸೋಲುವುದು, ಮಾತು ತೊದಲುವುದು, ಇದರಲ್ಲಿ ಒಂದು ಕಂಡರೂ ಹೊರಡಬೇಕು. ನೀರು, ಮಾತ್ರೆ ಯಾವುದನ್ನೂ ಬಾಯಿಗೆ ಹಾಕಬಾರದು. ಶುರುವಾದ ಹೊತ್ತು ನೆನಪಿಟ್ಟು ಡಾಕ್ಟರಿಗೆ ಹೇಳಬೇಕು.

ಅವರು ಇಲ್ಲಿಗೆ ಬಂದಾಗಲೂ ಅಷ್ಟೇ. ಬಿಲ್ಲಿಗೆ ಹೆದರಿ ನೋಡೋಣ ಅನ್ನುತ್ತಾ ಕೂರಬೇಡಿ, ವಿಮಾನ ಹತ್ತುವ ಮೊದಲೇ ಇನ್ಶೂರೆನ್ಸ್ ಮಾಡಿಸಿ. ಇಲ್ಲಿನ ತುರ್ತು ನಂಬರ್ 911 ಒತ್ತಿ, ಲಕ್ವಕ್ಕೆ "ಸ್ಟ್ರೋಕ್" ಎಂಬ ಒಂದು ಪದ, ಆಮೇಲೆ ಮನೆ ವಿಳಾಸ. ಇಷ್ಟನ್ನು ಬಂದ ಮೊದಲ ದಿನವೇ ಆಯಿಗೆ ಕಲಿಸಿ.